ಕುರಿಯ ಕಾವಲಿಗೆ ನಾಯಿಮರಿಯನ್ನು ಆರಿಸುವ ಬಗೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳಲ್ಲಿ ಕುರಿ ಸಾಕಣೆಯು ಬಹುಕಾಲದಿಂದ ಕುರುಬರ ಕುಲಕಸುಬಾಗಿ ನಡೆದುಬಂದಿರುತ್ತದೆ. ಹೊಲದ ಒಡೆಯನು ಸುಗ್ಗಿ ತೀರಿದ ಮೇಲೆ ಅವರ ಹಿಂಡನ್ನು ಕೆಲವು ರಾತ್ರಿ ತನ್ನ ಹೊಲದಲ್ಲಿ ತರುಬಿಸಿ, ಅದಕ್ಕೆ ಪ್ರತಿಯಾಗಿ ಕಾಳನ್ನೋ ಹಣವನ್ನೋ ಕೊಟ್ಟು, ಹಿಕ್ಕೆಯ ಗೊಬ್ಬರವನ್ನು ಪಡೆಯುವುದು ವಾಡಿಕೆ. ಈಚೆಗೆ ಹೊಲದ ಒಡೆಯರೇ ಇಪ್ಪತ್ತು ಮೂವತ್ತು ಕುರಿಗಳನ್ನು ಕೊಂಡು ತಮ್ಮ ದೊಡ್ಡಿಯಲ್ಲಿ ಸಾಕುವುದುಂಟು. ಕುರಿ ಬಂದ ಮನೆಗೆ ಕಾವಲಿನ ನಾಯಿಯೂ ಬೇಕೆನಿಸುವುದು ಸಹಜ. ಆದರೆ ಕುರುಬನಿಗೆ ತಂದೆ ತಾತಂದಿರಿಂದ ಬಂದ ನಾಯಿಯ ತಿಳಿವಳಿಕೆಯು ಹೊಸದಾಗಿ ಕುರಿ ಕಟ್ಟಿದ ರೈತನಿಗೆ ಇರುವುದಿಲ್ಲ. ಎತ್ತನ್ನು ಕೊಳ್ಳುವಾಗ ಹಲ್ಲು, ಗೊರಸು, ಸುಳಿ, ನಡೆಗಳನ್ನು ನಾಲ್ಕು ಸಲ ನೋಡುವ ಜಾಣನು ಕೂಡ ನಾಯಿಮರಿಯನ್ನು ಮಾತ್ರ ಬಣ್ಣವನ್ನೋ ಜಾತಿಯ ಹೆಸರನ್ನೋ ನೋಡಿ ಎತ್ತಿಕೊಂಡು ಬರುತ್ತಾನೆ.

ಇದು ತಪ್ಪು ಪದ್ಧತಿ. ಕುರಿಕಾವಲಿನ ಮರಿಯನ್ನು ಹೆತ್ತ ನಾಯಿಗಳ ಕೆಲಸವನ್ನು ನೋಡಿ ಆರಿಸತಕ್ಕದ್ದು; ಮತ್ತು ಮರಿಯು ಹೊಸ್ತಿಲಿಗೆ ಬರುವ ಮೊದಲೇ ಮನೆಯ ಸಿದ್ಧತೆಯು ಮುಗಿದಿರತಕ್ಕದ್ದು. ಈ ಎರಡೂ ಆಗದ ಮನೆಯವರು ನಾಯಿಯನ್ನು ತಾರದಿರುವುದೇ ಲೇಸು.

ನಾಯಿ ಸಾಕುವುದು ಒಂದು ಮನೆಯವರ ಸ್ವಂತ ವಿಷಯವೆಂದು ಕೆಲವರು ಹೇಳಬಹುದು. ಹಾಗಲ್ಲ. ಕಲಿಸದೆ ಬೆಳೆಸಿ ಕಟ್ಟದೆ ಬಿಟ್ಟ ನಾಯಿಯು ಒಂದು ರಾತ್ರಿ ಹೊಲದಲ್ಲಿ ತರುಬಿದ ಕುರಿಗಳ ಮೇಲೆ ಬಿದ್ದರೆ ನಾಲ್ಕಾರು ಕುರಿಗಳು ಸಾಯುವುದಲ್ಲದೆ, ಗಬ್ಬದ ಕುರಿಗಳು ಬೆದರಿ ಓಡಿ ಕಂದು ಹಾಕುತ್ತವೆ. ಆ ಹಿಂಡಿನ ಕುರುಬನು ಮರುವರ್ಷ ಆ ಊರಿನ ದಾರಿಯನ್ನು ಬಿಟ್ಟು ಹೋದರೆ ಗೊಬ್ಬರದ ನಷ್ಟವು ಅಕ್ಕಪಕ್ಕದ ಹೊಲಗಳಿಗೂ ತಟ್ಟುತ್ತದೆ. ಅದೇ ನಾಯಿಗೆ ಹುಚ್ಚು ಹಿಡಿದರೆ ಮಕ್ಕಳ ಪ್ರಾಣಕ್ಕೇ ಸಂಚಕಾರ. ಊರಿನ ಹಿರಿಯನ ಮನೆಯಲ್ಲಿ ನಾಯಿಯನ್ನು ಹೇಗೆ ಸಾಕುತ್ತಾರೋ ಹಾಗೆಯೇ ಊರವರೂ ಸಾಕುತ್ತಾರೆ. ಆದಕಾರಣ ಈ ವಿಷಯವನ್ನು ಗ್ರಾಮದ ಮುಖಂಡರು ತಮ್ಮ ಹೊಣೆಯೆಂದು ಭಾವಿಸುವುದು ಯುಕ್ತ.

ಮೊದಲು ತಿಳಿಯಬೇಕಾದುದು ನಾಯಿಗಳ ಕೆಲಸದಲ್ಲಿರುವ ಭೇದ. ಬೇಟೆಯ ನಾಯಿಯು ಓಡುವ ಪ್ರಾಣಿಯನ್ನು ಕಂಡೊಡನೆ ಬೆನ್ನಟ್ಟುತ್ತದೆ. ಮಂದೆಯನ್ನು ತಿರುಗಿಸುವ ನಾಯಿಯು ಕುರಿಗಳ ಸುತ್ತ ಸುಳಿದು, ಒಡೆಯನ ಸನ್ನೆಯಂತೆ ಅವನ್ನು ಕೂಡಿಸಿ ನಡೆಸುತ್ತದೆ. ಕಾವಲಿನ ನಾಯಿಯು ಕುರಿಗಳನ್ನು ಬೆದರಿಸದೆ ಅವುಗಳ ನಡುವೆಯೇ ಮಲಗಿ, ತೋಳ, ಬೀಡಾಡಿ ನಾಯಿ, ಕಳ್ಳ ಇವರಲ್ಲಿ ಯಾರು ಬಂದರೂ ಬೊಗಳಿ ಎದುರು ನಿಲ್ಲುತ್ತದೆ. ಮೂರು ನಾಯಿಗಳೂ ಒಳ್ಳೆಯವೇ. ಆದರೆ ಒಂದರ ಕೆಲಸಕ್ಕೆ ಇನ್ನೊಂದನ್ನು ತಂದರೆ ತಂದವನೂ ಕೆಡುತ್ತಾನೆ, ನಾಯಿಯೂ ಕೆಡುತ್ತದೆ.

ಈ ಭಾಗದಲ್ಲಿ ನಾಯಿಯೆಂದೊಡನೆ ಮನಸ್ಸಿಗೆ ಬರುವುದು ರಾಮದುರ್ಗಕ್ಕೆ ನೆರೆಯದಾದ ಮುಧೋಳದ ನಾಯಿ. ಮುಧೋಳ ಸಂಸ್ಥಾನದ ಅರಸರಾಗಿದ್ದ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯನ್ನು ಪೋಷಿಸಿ, ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿಯನ್ನು ಕಾಣಿಕೆಯಾಗಿ ಕೊಟ್ಟ ಸಂಗತಿಯು ಪ್ರಸಿದ್ಧವಾಗಿದೆ. 2005 ರಲ್ಲಿ ಭಾರತೀಯ ಅಂಚೆ ಇಲಾಖೆಯು ಇದರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು. ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವು ಈ ತಳಿಯ ಸಂವರ್ಧನೆಗಾಗಿಯೇ ಇರುತ್ತದೆ. ಇಂಥ ನಾಯಿಯ ಬಗ್ಗೆ ಅಭಿಮಾನ ಪಡುವುದು ನ್ಯಾಯವೇ. ಆದರೂ ಇದರ ನೀಳವಾದ ಕಾಲು, ಇಳಿದ ಎದೆ, ಸಣ್ಣ ನಡು, ದೂರದೃಷ್ಟಿ ಇವೆಲ್ಲವೂ ಓಡುವುದನ್ನು ಕಂಡು ಬೆನ್ನಟ್ಟುವುದಕ್ಕಾಗಿ ಬಂದ ಗುಣಗಳು. ಹೊಲಮನೆಯ ಕಾವಲಿಗೆ ಇದು ಸಲ್ಲುತ್ತದೆ. ನುರಿತವನ ಕೈಯಲ್ಲಿ ಕುರಿಗಳಿಗೂ ಹೊಂದಿಕೊಳ್ಳಬಹುದು. ಆದರೆ ನಾಯಿಯನ್ನೇ ಸಾಕಿ ಅರಿಯದವನು, ಜಿಗಿದಾಡುವ ಕುರಿಮರಿಗಳ ನಡುವೆ, ಮೊದಲ ನಾಯಿಯಾಗಿ ಇದನ್ನು ತರುವುದು ವಿವೇಕವಲ್ಲ. ಅಲ್ಲದೆ 1972 ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ನಾಯಿಯನ್ನು ಬಿಟ್ಟು ಮೊಲವನ್ನು ಹಿಡಿಸುವುದು ಕೂಡ ಅಪರಾಧವಾಗಿರುತ್ತದೆಂಬುದನ್ನು ಇಂಥ ನಾಯಿಯ ಒಡೆಯನು ಮರೆಯಲಾಗದು.

ನಾಯಿಗೆ ಮರ್ಯಾದೆ ಕೊಡುವುದು ಕನ್ನಡ ನಾಡಿಗೆ ಹೊಸದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಕ್ರಿ. ಶ. 949-50 ರ ಶಾಸನವು, ಗಂಗ ಬೂತುಗನ ಸೇವಕನಾದ ಮಣಲೆರನೆಂಬ ವೀರನು ತನ್ನ ಶೌರ್ಯಕ್ಕೆ ಮೆಚ್ಚುಗೆಯಾಗಿ ಕಾಳಿ ಎಂಬ ನಾಯಿಯನ್ನೇ ಬೇಡಿ ಪಡೆದನೆಂದೂ, ಆ ನಾಯಿಯು ಕಾಡುಹಂದಿಯೊಡನೆ ಹೋರಾಡಿ ಎರಡೂ ಮಡಿದವೆಂದೂ ತಿಳಿಸುತ್ತದೆ. ಆ ಕಾಳಿಯೂ ಬೇಟೆಯ ನಾಯಿಯೇ. ಶಾಸನದಿಂದ ಅಂಚೆಚೀಟಿಯವರೆಗೆ ಕೀರ್ತಿಯೆಲ್ಲ ಬೇಟೆಯ ನಾಯಿಯ ಪಾಲಿಗೆ ಬಂದಿದೆ. ರಾತ್ರಿಯೆಲ್ಲ ಕುರಿಹಟ್ಟಿಯ ಸುತ್ತ ಎಚ್ಚರವಾಗಿರುವ ಕುರುಬನ ನಾಯಿಗೆ ಹೆಸರು ಕೂಡ ಬಂದಿಲ್ಲ.

ಇನ್ನು ಪರದೇಶದ ತಳಿಗಳ ಮಾತು. ಇಂಗ್ಲಂಡ ಮತ್ತು ಸ್ಕಾಟ್ಲಂಡಗಳ ಗಡಿನಾಡಿನ ಬಾರ್ಡರ್ ಕೋಲಿ ಎಂಬುದು ಮಂದೆಯನ್ನು ತಿರುಗಿಸುವ ನಾಯಿಗಳಲ್ಲಿ ಶ್ರೇಷ್ಠವೆನಿಸಿದೆ. 1893 ರಲ್ಲಿ ನಾರ್ದಂಬರ್ಲಂಡ ಪ್ರಾಂತದಲ್ಲಿ ಹುಟ್ಟಿದ ‘ಓಲ್ಡ್ ಹೆಂಪ್’ ಎಂಬ ಗಂಡುನಾಯಿಯನ್ನು ಆ ತಳಿಯ ಮೂಲಪುರುಷನೆಂದು ಎಣಿಸುತ್ತಾರೆ. ಅದು ಬೊಗಳದೆ ನೆಲಕ್ಕೆ ಬಗ್ಗಿ, ಕಣ್ಣಿಟ್ಟು ನೋಡಿಯೇ ಕುರಿಗಳನ್ನು ನಡೆಸುತ್ತಿತ್ತು. ಅಲ್ಲಿ ಬೆಟ್ಟದ ಮೇಲೆ ಕುರಿಗಳು ಕಾಯುವವರಿಲ್ಲದೆ ಮೇಯುವುದರಿಂದ ಅವನ್ನು ಕೂಡಿಸಿ ತರುವ ನಾಯಿಯು ಬೇಕು. ಇಲ್ಲಿಯಾದರೋ ಕುರುಬನು ದಿನವೆಲ್ಲ ಮಂದೆಯ ಸಂಗಡ ನಡೆಯುತ್ತಾನೆ. ಕುರಿಗಳು ಅವನ ಕೂಗಿಗೆ ತಿರುಗುತ್ತವೆ. ಮಾಡುವ ಕೆಲಸವಿಲ್ಲದ ಬಾರ್ಡರ್ ಕೋಲಿಯು ಕೋಳಿ, ಕರು, ಮಕ್ಕಳು ಯಾವುದನ್ನಾದರೂ ಸುತ್ತುಗಟ್ಟಿ ತಿರುಗಿಸುತ್ತ ಮನೆಯವರಿಗೆ ಬೇಸರ ತರುತ್ತದೆ. 1899 ರಲ್ಲಿ ಜರ್ಮನಿಯಲ್ಲಿ ಸಂಘ ಕಟ್ಟಿ ರೂಪಿಸಲಾದ ಜರ್ಮನ್ ಶೆಫರ್ಡ್, ಅಂದರೆ ಪೇಟೆಯ ಜನರು ಅಲ್ಸೇಶಿಯನ್ ಎನ್ನುವ ನಾಯಿಯು ಕೂಡ ಮೂಲತಃ ಕುರಿಗಳ ನಾಯಿಯೇ. ಆದರೆ ಅದರ ದಟ್ಟವಾದ ತುಪ್ಪಟವು ರಾಮದುರ್ಗದ ಬೇಸಿಗೆಗೆ ಒಗ್ಗುವಂಥದಲ್ಲ.

ಆದಕಾರಣ ಈ ನಾಲ್ಕು ತಾಲೂಕುಗಳಲ್ಲಿ ಮೊದಲ ಸಲ ನಾಯಿಯನ್ನು ಸಾಕುವ ರೈತನಿಗೆ ಹೆಚ್ಚು ಅನುಕೂಲವಾದುದು ಸಂಚಾರಿ ಕುರುಬರ ಹಿಂಡಿನಲ್ಲಿ ಹುಟ್ಟಿದ ಊರ ತಳಿಯ ಮರಿ. ಅದಕ್ಕೆ ಇಲ್ಲಿಯ ಬಿಸಿಲು, ಜೋಳದ ಊಟ, ಕಲ್ಲುನೆಲ ಎಲ್ಲವೂ ಒಗ್ಗಿರುತ್ತವೆ. ಬೆನ್ನಟ್ಟಿ ಕುರಿಯನ್ನು ಕಚ್ಚುವ ನಾಯಿಯನ್ನು ಕುರುಬನು ಹಿಂಡಿನಲ್ಲಿ ಇಟ್ಟುಕೊಳ್ಳುವುದಿಲ್ಲವಾದ್ದರಿಂದ, ಉಳಿದು ಮರಿ ಹಾಕಿದ ನಾಯಿಯು ತಾನಾಗಿಯೇ ಪರೀಕ್ಷೆಗೆ ಒಳಗಾದಂತೆ ಆಯಿತು. ಸುಗ್ಗಿಯಾದ ಮೇಲೆ ಹೊಲದಲ್ಲಿ ಹಿಂಡನ್ನು ತರುಬಿಸುವ ಒಡೆಯನಿಗೆ ಈ ಪರೀಕ್ಷೆಯನ್ನು ಕಣ್ಣಾರೆ ಕಾಣುವ ಸುಸಂಧಿಯುಂಟು. ಒಂದೆರಡು ರಾತ್ರಿ ಹಟ್ಟಿಯ ಹತ್ತಿರ ಕುಳಿತು, ತಾಯಿನಾಯಿಯು ಎಲ್ಲಿ ಮಲಗುತ್ತದೆ, ಸಪ್ಪಳಕ್ಕೆ ಏನು ಮಾಡುತ್ತದೆ, ಎಳೆಯ ಮರಿಗಳು ಮೈಮೇಲೆ ಹತ್ತಿದರೆ ಸಹಿಸುತ್ತದೆಯೋ ಇಲ್ಲವೋ ಎಂಬುದನ್ನು ನೋಡಬೇಕು. ಕುರುಬನ ಅಭಿಪ್ರಾಯವನ್ನು ಗೌರವದಿಂದ ಕೇಳಬೇಕು. ಮರಿಯ ಬೆಲೆಯನ್ನು ಮನಸಾರೆ ಕೊಡಬೇಕು. ಪುಕ್ಕಟೆಯಾಗಿ ಬಂದ ನಾಯಿಗೆ ಮನೆಯಲ್ಲಿ ಆದರವೂ ಪುಕ್ಕಟೆಯಾಗಿಯೇ ಉಳಿಯುತ್ತದೆ.

ಮರಿಯು ಎಂಟು ವಾರ ತುಂಬುವವರೆಗೆ ತಾಯಿಯ ಬಳಿಯಲ್ಲಿಯೇ ಇರತಕ್ಕದ್ದು. ಒಡಹುಟ್ಟಿದವುಗಳೊಡನೆ ಆಡುತ್ತ ಎಷ್ಟು ಕಚ್ಚಿದರೆ ನೋಯುತ್ತದೆಂಬುದನ್ನು ಅದು ಕಲಿಯುವುದು ಆಗಲೇ. ಆರಿಸುವಾಗ ಕಣ್ಣು ತಿಳಿಯಾಗಿರಬೇಕು, ಮೂಗಿನಲ್ಲಿ ಸಿಂಬಳವಿರಕೂಡದು, ವಸಡು ನಸುಗೆಂಪಾಗಿರಬೇಕು, ಬಾಲದ ಬುಡವು ಭೇದಿಯಿಂದ ಮಲಿನವಾಗಿರಕೂಡದು. ಮೈ ಬಡಕಲಾಗಿ ಹೊಟ್ಟೆ ಮಾತ್ರ ಉಬ್ಬಿದ್ದರೆ ಜಂತುಹುಳುಗಳಿವೆಯೆಂದು ತಿಳಿಯಬೇಕು. ಮರಿಗಳ ಹಿಂದೆ ಒಂದು ತಾಟನ್ನು ಕೆಡವಿ ಸಪ್ಪಳ ಮಾಡಿದರೆ, ಒಳ್ಳೆಯ ಮರಿಯು ಬೆಚ್ಚಿ, ಕ್ಷಣದಲ್ಲಿ ಚೇತರಿಸಿಕೊಂಡು, ಅದೇನೆಂದು ಮೂಸಿ ನೋಡಲು ಬರುತ್ತದೆ. ತಿರುಗಿಯೇ ನೋಡದ ಮರಿಗೆ ಕಿವಿ ಕೇಳದಿರಬಹುದು. ಮೂಲೆ ಸೇರಿ ಹೊರಗೆ ಬಾರದ ಮರಿಯು ಮುಂದೆ ಅಂಜಿಕೆಯಿಂದ ಕಚ್ಚುವ ನಾಯಿಯಾಗಬಹುದು; ಉಳಿದವನ್ನೆಲ್ಲ ತುಳಿದು ಎಲ್ಲರಿಗೂ ಹಲ್ಲು ತೋರುವ ಮರಿಯನ್ನು ಹೊಸಬನು ಆಳಲಾರನು. ನಡುತರದ, ಶಾಂತವಾದ, ಎತ್ತಿಕೊಂಡರೆ ತುಸು ಒದ್ದಾಡಿ ಸುಮ್ಮನಾಗುವ ಮರಿಯೇ ತಕ್ಕದ್ದು. ಗಂಡು ಹೆಣ್ಣುಗಳೆರಡೂ ಕಾವಲಿಗೆ ಸಮನೇ. ಮರಿ ಹಾಕಿಸುವ ಉದ್ದೇಶವಿಲ್ಲದವರು ಪಶುವೈದ್ಯರಿಂದ ಸಂತಾನಹರಣ ಶಸ್ತ್ರಕ್ರಿಯೆ ಮಾಡಿಸುವುದು ಊರಿಗೂ ಹಿತ. ಎರಡು ಮರಿಗಳನ್ನು ಒಟ್ಟಿಗೆ ತರುವ ಆಸೆಯನ್ನು ಮೊದಲ ಸಲದವರು ತಡೆದುಕೊಳ್ಳಬೇಕು. ಅವು ಒಂದಕ್ಕೊಂದು ಅಂಟಿಕೊಂಡು ಒಡೆಯನನ್ನೂ ಕುರಿಗಳನ್ನೂ ಲೆಕ್ಕಿಸದೆ ಬೆಳೆಯುವುದುಂಟು.

ಮರಿಯನ್ನು ತರುವ ಮೊದಲು ಮನೆಯಲ್ಲಿ ಒಂದು ನಿಶ್ಚಯವಾಗಬೇಕು. ಅದಕ್ಕೆ ಹೊತ್ತುಹೊತ್ತಿಗೆ ಉಣ್ಣಲಿಕ್ಕುವವರು ಯಾರು, ಕಲಿಸುವವರು ಯಾರು? ಇದನ್ನು ಸಂಬಳದ ಆಳಿಗೆ ಒಪ್ಪಿಸಿದರೆ ಆಳು ಬಿಟ್ಟುಹೋದ ದಿನ ನಾಯಿಗೆ ಒಡೆಯನೇ ಇಲ್ಲದಂತಾಗುತ್ತದೆ. ಮನೆಯ ಒಬ್ಬರು ಹೊಣೆ ಹೊರಬೇಕು. ಬಳಿಕ ದೊಡ್ಡಿಯ ಒಂದು ಮೂಲೆಯಲ್ಲಿ ಬಿದಿರು ತಟ್ಟಿಯಿಂದ ಚಿಕ್ಕ ಆವರಣವನ್ನು ಮಾಡಿಡಬೇಕು. ಮರಿಗೆ ಕುರಿಗಳು ಕಾಣುವಂತೆಯೂ ಅವುಗಳ ವಾಸನೆಯು ಬರುವಂತೆಯೂ, ಆದರೆ ಟಗರು ಹಾಯ್ದರೆ ಮರಿಯು ನುಸುಳಿ ಪಾರಾಗುವಂತೆಯೂ ಅದು ಇರಬೇಕು. ಕಿತ್ತೂರಿನ ಕಡೆಗೆ ಮಳೆ ಹೆಚ್ಚಾದ್ದರಿಂದ ಮಲಗುವ ಸ್ಥಳವನ್ನು ನೆಲದಿಂದ ಒಂದು ಗೇಣು ಎತ್ತರಿಸಿ, ಒಣ ಗೋಣಿತಟ್ಟನ್ನು ಹಾಸಬೇಕು. ಬೈಲಹೊಂಗಲದ ಎರೆಯ ನೆಲದಲ್ಲಿ ಮಳೆಗಾಲದಂದು ಕಾಲ್ಬೆರಳ ಸಂದಿಗಳಲ್ಲಿ ಕೆಸರು ಗಟ್ಟಿಯಾಗಿ ಹುಣ್ಣಾಗದಂತೆ ದಿನಾಲು ತೊಳೆದು ಒರೆಸಬೇಕು. ಸವದತ್ತಿ, ರಾಮದುರ್ಗಗಳ ಒಣ ಪ್ರದೇಶದಲ್ಲಿ ನೆರಳು ಮತ್ತು ನೀರು ಮುಖ್ಯ. ನಾಯಿಗೆ ಮನುಷ್ಯರಂತೆ ಮೈಯೆಲ್ಲ ಬೆವರುವುದಿಲ್ಲ, ನಾಲಗೆ ಚಾಚಿ ತೇಕುವುದರಿಂದಲೇ ಅದು ಮೈಯ ಕಾವನ್ನು ಕಳೆಯುತ್ತದೆ. ಇಲಿಪಾಷಾಣ, ಹತ್ತಿಗೆ ಹೊಡೆಯುವ ಔಷಧ, ಅದರ ಖಾಲಿ ಡಬ್ಬಿಗಳು ಇವೆಲ್ಲವನ್ನೂ ಬೀಗದಲ್ಲಿ ಇಡಬೇಕು.

ಆಹಾರದ ವಿಷಯದಲ್ಲಿ ಒಣ ರೊಟ್ಟಿಯ ಚೂರೇ ಸಾಕೆಂಬ ಭಾವನೆಯು ಬಹಳ ಮನೆಗಳಲ್ಲಿದೆ. ಬೆಳೆಯುವ ಮರಿಗೆ ಇದು ಸಾಲದು. ಜೋಳದ ನುಚ್ಚು, ರೊಟ್ಟಿಗಳ ಜೊತೆಗೆ ಹಾಲು ಮಜ್ಜಿಗೆ, ಬೆಂದ ಬೇಳೆ, ತತ್ತಿ, ಅನುಕೂಲವಿದ್ದಲ್ಲಿ ಬೇಯಿಸಿದ ಮಾಂಸ ಇವು ಬೇಕು. ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ, ಆರು ತಿಂಗಳವರೆಗೆ ಮೂರು ಸಲ, ಆಮೇಲೆ ಎರಡು ಸಲ ಇಕ್ಕಬೇಕು. ಉಳ್ಳಾಗಡ್ಡಿ ಬೆಳ್ಳುಳ್ಳಿಗಳು ನಾಯಿಯ ರಕ್ತವನ್ನು ಕೆಡಿಸುವುದರಿಂದ ಒಗ್ಗರಣೆಯ ಪಲ್ಯವನ್ನು ಹಾಕಲಾಗದು; ಬೇಯಿಸಿದ ಎಲುಬು ಸೀಳಿ ಕರುಳಿಗೆ ಚುಚ್ಚುವುದರಿಂದ ಅದನ್ನೂ ಹಾಕಲಾಗದು.

ಕುರಿ ಸಾಕುವವರು ವಿಶೇಷವಾಗಿ ಲಕ್ಷ್ಯದಲ್ಲಿಡಬೇಕಾದ ಮಾತೊಂದಿದೆ. ಸತ್ತ ಕುರಿಯ ತಲೆಯನ್ನೂ, ನೀರುಗುಳ್ಳೆಗಳಿರುವ ಪುಪ್ಪುಸ ಯಕೃತ್ತುಗಳನ್ನೂ ಹಸಿಯಾಗಿಯೇ ನಾಯಿಗೆ ಎಸೆಯುವ ರೂಢಿಯುಂಟು. ಆ ಗುಳ್ಳೆಗಳಲ್ಲಿ ಲಾಡಿಹುಳುವಿನ ಮರಿಗಳಿದ್ದು, ನಾಯಿಯ ಕರುಳಿನಲ್ಲಿ ಬೆಳೆದು, ಅದರ ಮಲದೊಡನೆ ತತ್ತಿಗಳು ಹುಲ್ಲಿಗೆ ಸೇರುತ್ತವೆ. ಆ ಹುಲ್ಲನ್ನು ಮೇಯ್ದ ಕುರಿಯ ಮೆದುಳಿನಲ್ಲಿ ಗುಳ್ಳೆಯಾದರೆ ಕುರಿಯು ತಲೆ ವಾಲಿಸಿ ಒಂದೇ ಕಡೆಗೆ ಸುತ್ತು ಹಾಕುತ್ತ ಸಾಯುತ್ತದೆ. ಇನ್ನೊಂದು ಜಾತಿಯ ಹುಳುವಿನಿಂದ ಮನುಷ್ಯರ ಯಕೃತ್ತಿನಲ್ಲಿಯೂ ಗುಳ್ಳೆಗಳಾಗುತ್ತವೆ. ಕುರಿಯನ್ನು ಕಾಯಲೆಂದು ತಂದ ನಾಯಿಯೇ ಹೀಗೆ ಕುರಿಗೆ ರೋಗವನ್ನು ತರಬಹುದು. ಆದ್ದರಿಂದ ಸತ್ತ ಕುರಿಯನ್ನು ಆಳವಾಗಿ ಹುಗಿಯತಕ್ಕದ್ದು. ಹಸಿ ಮಾಂಸವನ್ನು ಎಂದಿಗೂ ಹಾಕಲಾಗದು. ಜಂತುನಾಶಕ ಔಷಧವನ್ನು ಮೊದಲ ಮೂರು ತಿಂಗಳು ಹದಿನೈದು ದಿನಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಮುಂದೆ ಮೂರು ತಿಂಗಳಿಗೊಮ್ಮೆ ಪಶುವೈದ್ಯರು ಹೇಳಿದ ಪ್ರಮಾಣದಲ್ಲಿ ಕೊಡಬೇಕು. ಲಾಡಿಹುಳುವಿಗೂ ಔಷಧವು ಬೇಕೆಂದು ಅವರಿಗೆ ಬಿಚ್ಚಿ ಹೇಳುವುದು ಒಳ್ಳೆಯದು.

ಚುಚ್ಚುಮದ್ದಿನ ವಿಷಯದಲ್ಲಿ ಉದಾಸೀನತೆಗೆ ಕ್ಷಮೆಯಿಲ್ಲ. ರಕ್ತಭೇದಿ ತರುವ ಪಾರ್ವೊ, ನರಗಳನ್ನು ಕೆಡಿಸುವ ಡಿಸ್ಟೆಂಪರ್ ಈ ರೋಗಗಳಿಗೆ ಆರರಿಂದ ಎಂಟು ವಾರದ ವಯಸ್ಸಿನಲ್ಲಿ ಮೊದಲಿನ ಮದ್ದನ್ನು ಹಾಕಿಸಿ, ಹದಿನಾರು ವಾರವಾಗುವವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ ಮರಳಿ ಹಾಕಿಸಬೇಕು. ಹುಚ್ಚುನಾಯಿ ರೋಗದ ಮದ್ದನ್ನು ಮೂರು ತಿಂಗಳು ತುಂಬಿದಾಗ ಹಾಕಿಸಿ, ವೈದ್ಯರು ಹೇಳಿದಂತೆ ಮತ್ತೊಮ್ಮೆ ಹಾಕಿಸಿ, ಮುಂದೆ ವರ್ಷಕ್ಕೊಮ್ಮೆ ತಪ್ಪದೆ ಹಾಕಿಸಬೇಕು. ಮನುಷ್ಯರಿಗೆ ಬರುವ ಈ ರೋಗವು ನೂರಕ್ಕೆ ತೊಂಬತ್ತೊಂಬತ್ತರವರೆಗೆ ನಾಯಿಗಳಿಂದಲೇ ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳಿದೆ. ಲಕ್ಷಣಗಳು ಕಾಣಿಸಿದ ಮೇಲೆ ಬದುಕುವುದು ಅಸಾಧ್ಯವೆಂದೇ ಹೇಳಬೇಕು. ಊರಿನ ನಾಯಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕಾದರೂ ಮದ್ದು ಬಿದ್ದರೆ ರೋಗವು ಹರಡಲಾರದು. 2030 ರ ಹೊತ್ತಿಗೆ ನಾಯಿಗಳಿಂದ ಹರಡುವ ಈ ರೋಗವನ್ನು ನಿರ್ಮೂಲ ಮಾಡುವ ಕಾರ್ಯಯೋಜನೆಯನ್ನು ಭಾರತ ಸರಕಾರವು 2021 ರಲ್ಲಿ ಪ್ರಕಟಿಸಿದೆ. ಕಚ್ಚಿಸಿಕೊಂಡವರು ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ಮಿನಿಟು ತೊಳೆದು, ಅದೇ ದಿನ ಸರಕಾರಿ ಆಸ್ಪತ್ರೆಗೆ ಹೋಗತಕ್ಕದ್ದು. ಖಾರದ ಪುಡಿ, ಸುಣ್ಣ, ಎಣ್ಣೆ ಹಚ್ಚುವುದೂ ಮಂತ್ರ ಹಾಕಿಸುವುದೂ ಪ್ರಾಣಕ್ಕೆ ಎರವಾಗುತ್ತದೆ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಮಾತು ನಾಯಿಗೆ ಪೂರ್ಣವಾಗಿ ಸಲ್ಲುತ್ತದೆ. ಹುಟ್ಟಿದ ಮೂರನೆಯ ವಾರದಿಂದ ಸುಮಾರು ನಾಲ್ಕನೆಯ ತಿಂಗಳವರೆಗೆ ಮರಿಯು ಯಾರ ನಡುವೆ ಬೆಳೆಯುತ್ತದೆಯೋ ಅವರನ್ನು ತನ್ನವರೆಂದು ತಿಳಿಯುತ್ತದೆ. ಆ ಕಾಲದಲ್ಲಿ ಅದು ಕುರಿಗಳ ನಡುವೆಯೇ ಇರಬೇಕು. ಮನೆಯವರನ್ನೂ, ನೆರೆಯ ಮಕ್ಕಳನ್ನೂ, ಎತ್ತು ಟ್ರ್ಯಾಕ್ಟರುಗಳನ್ನೂ ಕಂಡು ಒಗ್ಗಿರಬೇಕು. ಆಫ್ರಿಕಾ ಖಂಡದ ನಮೀಬಿಯಾ ದೇಶದಲ್ಲಿ ಚೀತಾಗಳಿಂದ ಮಂದೆಗಳನ್ನು ರಕ್ಷಿಸಲೆಂದು 1994 ರಿಂದ ಅಲ್ಲಿಯ ರೈತರಿಗೆ ತುರ್ಕಸ್ತಾನದ ತಳಿಯ ನಾಯಿಮರಿಗಳನ್ನು ಕೊಡುತ್ತ ಬಂದಿದ್ದು, ಎಳೆಯದರಲ್ಲಿಯೇ ಅವನ್ನು ಮಂದೆಯೊಡನೆ ಬೆಳೆಸುವುದೇ ಅಲ್ಲಿಯೂ ಪದ್ಧತಿಯಾಗಿದೆ. ಐದಾರು ತಿಂಗಳಿನಿಂದ ಒಂದು ವರ್ಷದವರೆಗೆ ಮರಿಯು ಆಟಕ್ಕಾಗಿ ಕುರಿಗಳ ಕಿವಿ ಹಿಡಿದು ಎಳೆಯುವುದೂ ಬೆನ್ನಟ್ಟುವುದೂ ಉಂಟು. ಬಹಳ ಜನರು ಇದನ್ನು ಕಂಡು ನಾಯಿಯು ಕೆಟ್ಟಿತೆಂದು ಹೊಡೆದು ಓಡಿಸುತ್ತಾರೆ. ಇಲ್ಲವೆ ನಕ್ಕು ಸುಮ್ಮನಾಗುತ್ತಾರೆ. ಎರಡೂ ತಪ್ಪು. ಆಗ ಕಾಯುವವರಿಲ್ಲದೆ ಅದನ್ನು ಮರಿಗಳೊಡನೆ ಬಿಡದೆ, ಉದ್ದವಾದ ಹಗ್ಗದಲ್ಲಿ ಹಿಡಿದು, ತಪ್ಪು ಮಾಡಿದ ಕ್ಷಣದಲ್ಲಿಯೇ ಗಟ್ಟಿ ದನಿಯಿಂದ ತಡೆಯಬೇಕು. ಹೊಡೆತದಿಂದ ಅದು ಕಲಿಯುವುದು ಅಂಜಿಕೆಯನ್ನು ಮಾತ್ರ. ಹಗಲಿರುಳು ಸರಪಳಿಯಲ್ಲಿ ಕಟ್ಟಿದ ನಾಯಿಯು ಶೂರನಾಗುವುದಿಲ್ಲ, ಮುಂಗೋಪಿಯಾಗುತ್ತದೆ. ಪೂರ್ಣ ಭರವಸೆಯ ಕಾವಲಿಗೆ ಒಂದೂವರೆಯಿಂದ ಎರಡು ವರ್ಷಗಳು ಹಿಡಿಯುತ್ತವೆ. ಅಷ್ಟು ತಾಳ್ಮೆಯಿಲ್ಲದವರಿಗೆ ಗಟ್ಟಿಯಾದ ಬೇಲಿಯೂ ಒಂದು ದೀಪವೂ ಹೆಚ್ಚು ಉಪಯೋಗದವು.

ಈಗ ತೋಳಗಳೇ ವಿರಳವಾಗಿರುವಾಗ ನಾಯಿಯೇಕೆಂದು ಕೆಲವರು ಆಕ್ಷೇಪಿಸುವರು. ಬೀಡಾಡಿ ನಾಯಿಗಳ ಹಿಂಡೂ ಕುರಿಗಳ್ಳರೂ ಇರುವವರೆಗೆ ಕಾವಲು ಬೇಕೇ ಬೇಕು. ತೋಳ ಬಂದರೂ ಅದನ್ನು ಕೊಲ್ಲುವುದು ಕಾಯಿದೆಗೆ ವಿರುದ್ಧವಾದ್ದರಿಂದ, ಬೊಗಳಿ ಹಿಮ್ಮೆಟ್ಟಿಸುವ ನಾಯಿಯೇ ನ್ಯಾಯವಾದ ಉಪಾಯ. ಇಷ್ಟೆಲ್ಲ ಖರ್ಚು ನಾಯಿಗೇತಕ್ಕೆ ಎಂಬುದು ಇನ್ನೊಂದು ಆಕ್ಷೇಪ. ಒಂದು ಟಗರಿನ ಬೆಲೆಯನ್ನೂ ಒಂದು ವರ್ಷದ ಮದ್ದಿನ ಬೆಲೆಯನ್ನೂ ಎದುರೆದುರಿಗೆ ಬರೆದು ನೋಡಿದರೆ ಉತ್ತರವು ತಾನೇ ತಿಳಿಯುತ್ತದೆ.

ಗ್ರಾಮದ ಹಿರಿಯರಿಂದ ಆಗಬೇಕಾದ ಕಾರ್ಯವು ದೊಡ್ಡದೇನೂ ಅಲ್ಲ. ತಮ್ಮ ಮನೆಯ ನಾಯಿಗೆ ಮೊದಲು ಮದ್ದು ಹಾಕಿಸಿ, ಅದರ ಕೊರಳಿಗೆ ಪಟ್ಟಿಯನ್ನು ಕಟ್ಟಿ, ವರ್ಷಕ್ಕೊಂದು ದಿನ ದನದ ದವಾಖಾನೆಯ ವೈದ್ಯರನ್ನು ಕರೆಯಿಸಿ ಊರಿನ ಎಲ್ಲ ನಾಯಿಗಳಿಗೂ ಹಾಕಿಸುವ ಏರ್ಪಾಡನ್ನು ಪಂಚಾಯತಿಯ ಮೂಲಕ ಮಾಡಬೇಕು. ಸುಗ್ಗಿಯಲ್ಲಿ ಊರಿಗೆ ಬಂದ ಕುರುಬರ ನಾಯಿಗಳನ್ನೂ ಆ ದಿನ ಬಿಡಬಾರದು. ಅವರ ಹಿಂಡಿನಲ್ಲಿ ಉತ್ತಮ ಕಾವಲಿನ ನಾಯಿಯಿದ್ದರೆ ಅದರ ಮರಿಗಳು ಬೀದಿಪಾಲಾಗದೆ ಕುರಿಯುಳ್ಳ ಮನೆಗಳಿಗೇ ಸೇರುವಂತೆ ನೋಡಿಕೊಂಡರೆ, ಹೆಸರಿಲ್ಲದ ಈ ತಳಿಯು ಕೆಡದೆ ಉಳಿಯುವುದು. ಈ ಸುಗ್ಗಿಯಲ್ಲಿ ಹಿಂಡು ಬಂದು ಹೊಲದಲ್ಲಿ ಇಳಿದಾಗ ಒಡೆಯನು ಕುರಿಗಳ ಸಂಖ್ಯೆಯನ್ನಷ್ಟೇ ಕೇಳದೆ ನಾಯಿಯನ್ನೂ ಒಮ್ಮೆ ನೋಡಲಿ.